9991ರ ಕಂಬಳಿ

ಮೊನ್ನೆ ಪೆಟ್ಟಿಗೆಯಿಂದ ಹಳೆಯ ಕಂಬಳಿ ತೆಗೆದು ಬಿಸಿಲಿಗೆ ಹಾಕಿದೆ. ಉಣ್ಣೆಯ ಜೊತೆ, ನೇಯುವಾಗ ನೂಲಿಗೆ ಹಚ್ಚಿದ್ದ ಹುಣಸೆ ಬೀಜದ ಗಂಜಿಯ ವಾಸನೆಯೂ ಎದ್ದು ಬಂತು. ಅದರ ಹಿಂದೆಯೇ ಹೊರಕೆರೆದೇವಪುರದ ನಮ್ಮ ಪಕ್ಕದ ಮನೆಯ ಅಜ್ಜಿ...

ಅವರದು ಕುರಿ ಸಾಕುವ ಮನೆ. ಕಂಬಳಿ ನೇಯುವುದು, ಹರಿದದ್ದನ್ನು ಹೊಲಿಯುವುದು ಅಜ್ಜಿಯ ಕೆಲಸ. ಕುರಿ ಎಷ್ಟಿವೆ ಎಂದು ಕೇಳಿದರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. "ಎಣಿಸಿದ್ರೆ ದೃಷ್ಟಿ ಆಗ್ತೈತೆ, ಸುಮ್ನಿರು" ಅನ್ನುತ್ತಿದ್ದಳು. ನಾನೋ, ಕಂಡದ್ದನ್ನೆಲ್ಲ ಎಣಿಸಿ ಭಾಗಿಸುವ ಹತ್ತನೇ ಕ್ಲಾಸಿನ ಹುಡುಗಿ. ಲೆಕ್ಕದಲ್ಲಿ ನನ್ನ ಸಮ ಯಾರೂ ಇಲ್ಲ ಎಂಬ ಜಂಬ ಬೇರೆ.

ಒಂದು ದಿನ ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ 9991 ಎಂದು ಬರೆದರು. ಇದು ಅವಿಭಾಜ್ಯವೋ ಅಲ್ಲವೋ, ನಾಳೆ ಕಾರಣ ಸಮೇತ ಹೇಳಿದವರನ್ನು ಚಿತ್ರದುರ್ಗದ ಗಣಿತ ಸ್ಪರ್ಧೆಗೆ ಕಳಿಸುತ್ತೇನೆ ಎಂದರು. ಆ ಸ್ಪರ್ಧೆಗೆ ನಾನು ವರ್ಷದಿಂದ ಕಾದಿದ್ದೆ.

ಸಂಜೆ ಅಜ್ಜಿಯ ಜಗಲಿಯಲ್ಲಿ ಕೂತು ಭಾಗಿಸುತ್ತಾ ಹೋದೆ. ನೂರರೊಳಗಿನ ಯಾವ ಅವಿಭಾಜ್ಯದಿಂದಲೂ ಭಾಗವಾಗದಿದ್ದರೆ 9991 ಕೂಡ ಅವಿಭಾಜ್ಯವೇ. ಮೂರು, ಏಳು, ಹನ್ನೊಂದು... ಎಂಬತ್ತೊಂಬತ್ತರವರೆಗೂ ಶೇಷ ಉಳಿಯಿತು. ಇನ್ನು ತೊಂಬತ್ತೇಳು ಒಂದೇ ಬಾಕಿ. ಇಡೀ ಆನೆಯೇ ದಾಟಿದ ಮೇಲೆ ಬಾಲಕ್ಕೇನು ಎಂದು ನೋಟ್‌ಬುಕ್ ಮುಚ್ಚಿದೆ.

ಅಜ್ಜಿ ಇಲಿ ಕಡಿದ ಕಂಬಳಿ ಹಿಡಿದು ಕೂತಿದ್ದಳು. ಕೂರಲು ಹಾಸುವ ಚೌಕ ಕಂಬಳಿ ಅದು. ಇಲಿ ಕಡಿದ ಮೂಲೆಯನ್ನು ಪುಟ್ಟ ಚೌಕವಾಗಿ ಕತ್ತರಿಸಿ ತೆಗೆದಿದ್ದಳು.

"ನನ್ನ ಲೆಕ್ಕನೂ ಹಿಂಗೇ ಐತೆ ಅಜ್ಜಿ," ಅಂದೆ. "ನೂರು ನೂರ್ಲೆ ಹತ್ತು ಸಾವಿರ. ಅದ್ರಾಗೆ ಮೂರು ಮೂರ್ಲೆ ಒಂಬತ್ತು, ಮೂಲೆ ಹೋಗೈತೆ. ಇದು ಯಾರಿಗೂ ಬಗ್ಗಲ್ಲ."

"ಮೂಲೆ ಹೋದ್ರೆ ಕಂಬಳಿ ಹೋದಂಗೇನೇ?" ಎಂದವಳು, ಮೂಲೆ ಹೋದ ಅಂಚಿನ ಪಟ್ಟಿಯನ್ನು ಉದ್ದಕ್ಕೂ ಕತ್ತರಿಸಿ, ತಿರುಗಿಸಿ, ಪಕ್ಕದ ಅಂಚಿಗೆ ಇಟ್ಟಳು. ಅಳೆದು ಮಾಡಿದ ಹಾಗೆ ಕೂತಿತು. "ಅಗಲ ಒಂಚೂರು ಕಮ್ಮಿ ಆತು, ಉದ್ದ ಒಂಚೂರು ಜಾಸ್ತಿ ಆತು. ತೂತೆಲ್ಲೈತೆ?"

ಮುಚ್ಚಿದ್ದ ನೋಟ್‌ಬುಕ್ ಮತ್ತೆ ತೆರೆದೆ. ಅಗಲ ನೂರಕ್ಕೆ ಮೂರು ಕಮ್ಮಿ, ತೊಂಬತ್ತೇಳು. ಉದ್ದ ಮೂರು ಜಾಸ್ತಿ, ನೂರಮೂರು. ಗುಣಿಸಿದೆ. 9991. ಸೋಮಾರಿತನದಿಂದ ನಾನು ಬಿಟ್ಟಿದ್ದ ಅದೇ ತೊಂಬತ್ತೇಳು!

ಮರುದಿನ ಬೋರ್ಡಿನ ಮೇಲೆ ಚೌಕ ಬರೆದು, ಪಟ್ಟಿ ಕತ್ತರಿಸಿ ತೋರಿಸಿದೆ. ಮೇಷ್ಟ್ರು ಬೆರಗಾಗಿ, "ಯಾರು ಹೇಳಿಕೊಟ್ರಮ್ಮ?" ಎಂದರು.

"ನಾನೇ ಸಾರ್," ಅಂದೆ. ಅಕ್ಷರ ಬಾರದ ಕಂಬಳಿ ಅಜ್ಜಿಯ ಹೆಸರು ಹೇಳಲು ನಾಚಿಕೆಯಾಗಿತ್ತು.

ಸ್ಪರ್ಧೆಗೆ ಹೊರಟ ದಿನ ಅಜ್ಜಿ ಬಸ್ಸಿನವರೆಗೂ ಬಂದು, "ಹಾಸ್ಕೊಂಡು ಕುಂತ್ಕ" ಎಂದು ಅದೇ ಕಂಬಳಿ ಕೊಟ್ಟಳು. ನಾನು ಗೆದ್ದು ಬಂದೆ. ಅವಳಿಗೆ ಏನೂ ಹೇಳಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಅವಳು ತೀರಿಕೊಂಡಳು...

ಈಗ ಹೊಳಲ್ಕೆರೆಯಲ್ಲಿ ಲೆಕ್ಕದ ಮೇಡಂ ನಾನು, ಚೆನ್ನಾಗಿಯೇ ಕಲಿಸುತ್ತೇನೆ. ನಿನ್ನೆ ಆ ಕಂಬಳಿಯನ್ನು ಕ್ಲಾಸಿಗೆ ಒಯ್ದು ಹರಡಿ 9991 ವಿವರಿಸಿದೆ. ಮುಂದಿನ ಬೆಂಚಿನ ಹುಡುಗಿ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ, "ಇದನ್ನ ಯಾರು ಕಂಡುಹಿಡಿದಿದ್ದು ಮಿಸ್?" ಎಂದಳು.

"ನಮ್ಮ ಪಕ್ಕದ ಮನೆ ಅಜ್ಜಿ," ಅಂದೆ.

ಹುಡುಗಿ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕೇಳಿಸಿಕೊಳ್ಳಬೇಕಾದವಳು ಮಾತ್ರ ಇರಲಿಲ್ಲ.