ಚಿಪ್ ಮೇಲಿನ ಬಿಳಿ ಪುಡಿ

ಸ್ನೇಹಿತರೇ, ಇವತ್ತು ಮಧ್ಯಾಹ್ನ ಮೈಕ್ರೋಸ್ಕೋಪಲ್ಲಿ ಕಳ್ಳ ಕಂಡ. ಲ್ಯಾಬಲ್ಲಿ ನಾವು ಮಾಡೋ ಕ್ವಾಂಟಮ್ ಚಿಪ್ ಮೇಲೆ ಬಿಳಿ ಪುಡಿ! ಕೂದಲಿಗಿಂತ ತೆಳ್ಳಗೆ ಲೋಹ ಬಳಿಯೋ ಕೆಲಸ ಇದು. ಒಂದು ಕಣ ಧೂಳು ಬಿದ್ರೂ ಆ ಸೂಪರ್‌ಕಂಡಕ್ಟರ್ ಲೋಹದ ಪದರ ಕೆಟ್ಟ ಹಾಗೇ.

ಮೂರು ವಾರದಿಂದ ಒಂದು ಚಿಪ್ಪೂ ಸರಿ ಬಂದಿಲ್ಲ. ಚಿಪ್ ಕೂರಿಸೋ ಹೋಲ್ಡರನ್ನ ಮಾಚೇನಹಳ್ಳಿ ಲೇತ್‌ನವನು ತಾಮ್ರ ಅಂತ ಹೇಳಿ ಹಿತ್ತಾಳೇಲಿ ಮಾಡಿಕೊಟ್ಟಿದ್ದಾನೆ ಅಂತ ನನ್ನ ಅನುಮಾನ. ಪುಡಿ ಕಂಡಮೇಲೆ ಆ ಅನುಮಾನ ಅಟೆಂಡರ್ ರತ್ನಮ್ಮನ ಕಡೆ ತಿರುಗಿತು. ಪ್ರತಿ ಶುಕ್ರವಾರ ವ್ಯಾಕ್ಯೂಮ್ ಪಂಪಿಗೆ ಊದುಬತ್ತಿ ಹಚ್ಚೋರು ಅವರೇ.

"ರತ್ನಮ್ಮ, ನಿಮ್ಮ ಊದುಬತ್ತಿ ಬೂದಿ ಚಿಪ್ ಮೇಲೆ ಬಿದ್ದಿದೆ," ಅಂತ ರೇಗಿದೆ.

ಅವರು ಮೈಕ್ರೋಸ್ಕೋಪ್ ಕಡೆ ತಿರುಗಿಯೂ ನೋಡಲಿಲ್ಲ, ನನ್ನ ಹಣೆ ನೋಡಿದ್ರು.

"ಪಂಪು ಇರೋದು ಹೊರಗಡೆ ರೂಮಲ್ಲಿ ಸಾರ್. ಬೆಳಗ್ಗೆ ನೀವು ಭದ್ರಾವತಿ ಬಸ್ಸಿಳಿದು ಬಂದಾಗ ಹಣೆ ಮೇಲೆ ಮೂರು ಪಟ್ಟೆ ವಿಭೂತಿ ಇತ್ತು. ಈಗ ಒಂದೂವರೆ ಇದೆ. ಮಿಕ್ಕಿದ್ದು ಎಲ್ಲಿ ಸಾರ್?"

ಕನ್ನಡಿ ನೋಡಿಕೊಂಡೆ. ಒಂದೂವರೆಯೇ. ಮೂರು ವಾರ ಕೈಗೆ ಗ್ಲೌಸ್ ಹಾಕಿದ್ದೆ, ಹಣೆ ಮರೆತಿದ್ದೆ.

ನಾಳೆಯಿಂದ ವಿಭೂತಿ ಸಂಜೆ ಮನೆಗೆ ಹೋದಮೇಲೆ. ಆದ್ರೂ ಆ ಲೇತ್‌ನವನ ಮೇಲೆ ನನಗಿನ್ನೂ ಡೌಟಿದೆ.