ಕುಚ್ಚಲಕ್ಕಿ ಬೇಯುವ ತನಕ

ತೊಕ್ಕೊಟ್ಟಿನಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದಾಗ ಪಕ್ಕದ ಹೆಂಗಸು ನನ್ನ ಮೊಣಕೈ ತಿವಿದಳು. "ನಿಮ್ಮ ಅಣ್ಣ ಅಮ್ಮನನ್ನು ಕ್ಯಾರವಾನ್‌ನಲ್ಲಿ ಕರ್ಕೊಂಡು ಹೋದ ವೀಡಿಯೋ ನೋಡಿದೆ. ಅಂಥ ಮಗ ಸಿಗ್ಲಿಕ್ಕೆ ಪುಣ್ಯ ಬೇಕು ಮಾರಾಯ್ತಿ." ನಾನು ಪಾಯಸ ಬಿಟ್ಟು ಎದ್ದೆ. ವರ್ಷ ಕಳೆದರೂ ಆ ವೀಡಿಯೋದ ಸುದ್ದಿ ಬಂದರೆ ನನಗೆ ಮೈ ಉರಿಯುತ್ತದೆ. ಅದರಲ್ಲಿ ಅಮ್ಮ ಮೂರು ಸಲ ಕಾಣಿಸುತ್ತಾಳೆ. ಮೂರು ಸಲವೂ ಕೈಯಲ್ಲಿ ಸೌಟೋ ಚೂರಿಯೋ ಉಂಟು.

ಅಮ್ಮ ಸಂಗೀತ ಕಲಿತವಳಲ್ಲ. ಕುದ್ರೋಳಿಯ ಬಾಡಿಗೆ ಮನೆಯಲ್ಲಿ ಬೀಡಿ ಕಟ್ಟುತ್ತಾ ರೇಡಿಯೋ ಕೇಳಿದವಳು. ಧಾರವಾಡದ ಒಬ್ಬ ಗಾಯಕಿಯ ಹಾಡು ಬಂದರೆ ಅವಳ ಕೈ ನಿಂತುಬಿಡುತ್ತಿತ್ತು. ಮಡಿಲಲ್ಲಿದ್ದ ಬಿದಿರಿನ ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು ಹಾಗೇ ಬಿದ್ದಿರುತ್ತಿದ್ದವು. ಹಾಡು ಮುಗಿಯುವ ತನಕ ಒಂದು ಬೀಡಿಯೂ ಆಗುತ್ತಿರಲಿಲ್ಲ. ರಾಗದ ಹೆಸರು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ತಬಲಾ ಯಾವಾಗ ಸೇರುತ್ತದೆ ಎಂಬುದು ಮೊದಲೇ ತಿಳಿಯುತ್ತಿತ್ತು, ಗಲ್ಲ ಸ್ವಲ್ಪ ಎತ್ತುತ್ತಿದ್ದಳು. ಗಾಯಕಿಯ ಹೆಸರನ್ನು ಅವಳು ಎಂದೂ ಹೇಳಲಿಲ್ಲ, "ಅವರು" ಎನ್ನುತ್ತಿದ್ದಳು. ನಾನೂ ಹೇಳುವುದಿಲ್ಲ.

ದುಬೈಯಿಂದ ರಜೆಗೆ ಬಂದ ಅಣ್ಣ ಕೊಟ್ಟಾರದ ನಮ್ಮ ಮನೆಯ ಸೋಫಾದಲ್ಲಿ ಕಾಲು ಚಾಚಿ, "ಅಮ್ಮ, ಈ ಸಲ ನಿನಗೆ ಎಂತ ಬೇಕು ಕೇಳು" ಎಂದ. ಸೀರೆ ಕೇಳುತ್ತಾಳೆ ಎಂದು ಅವನ ಎಣಿಕೆ. ಅಮ್ಮ, "ಅವರ ಮನೆ ಒಮ್ಮೆ ನೋಡ್ಬೇಕು. ಅವರು ಕೂತು ಹಾಡ್ತಿದ್ದ ಕೋಣೆ ಉಂಟಂತೆ, ಈಗ ಜನರಿಗೆ ತೋರಿಸ್ತಾರಂತೆ" ಎಂದಳು. ಅರುವತ್ತೇಳು ವರ್ಷಕ್ಕೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಒಂದು ಮನೆ ನೋಡಲು ಒಂದು ಬಸ್ಸು ಸಾಕಿತ್ತು. ಅಣ್ಣನಿಗೆ ಸಾಕಾಗಲಿಲ್ಲ. ಹುಬ್ಬಳ್ಳಿ, ಧಾರವಾಡದ ಕಡೆ ದೊಡ್ಡ ಗಾಯಕರು ಹುಟ್ಟಿದ, ಕಲಿತ ಜಾಗಗಳನ್ನೆಲ್ಲ ಸೇರಿಸಿ ಮೂರು ದಿನದ ಯಾತ್ರೆ ಮಾಡಿದ. ಮಂಚ, ಕಕ್ಕಸು, ಅಡುಗೆಮನೆ ಇರುವ ಕ್ಯಾರವಾನ್ ಹಿಡಿದ. ಮಾವನನ್ನೂ ಕರೆದ. ಮಾವ ಎಂದರೆ ಅಮ್ಮನ ದೊಡ್ಡ ಅಣ್ಣ. ನಮ್ಮಲ್ಲಿ ತಾಯಿಯ ಅಣ್ಣನ ಮಾತೇ ಮನೆಯ ಮಾತು. ಅವರಿಗೆ ಸಂಗೀತವೆಂದರೆ ಗದ್ದಲ. ಅಮ್ಮನ ರೇಡಿಯೋದ ಕಿವಿ ತಿರುಗಿಸಿ ಬಾಯಿ ಮುಚ್ಚಿಸುತ್ತಿದ್ದವರು ಅವರೇ. "ಮಾವನನ್ನು ಬಿಟ್ಟು ಹೋದ್ರೆ ಹೇಗೆ?" ಎಂದ ಅಣ್ಣ. ಹೇಗೆ ಎಂದರೆ ಸುಖವಾಗಿ, ಎಂದು ನಾನು ಹೇಳಬೇಕಿತ್ತು.

ಗಾಡಿ ನಮ್ಮ ಓಣಿಗೆ ಹಿಡಿಸದೆ ಹೆದ್ದಾರಿಯ ಬದಿಯಲ್ಲಿ ನಿಂತಿತು. ನೆರೆಕರೆಯವರೆಲ್ಲ ಹತ್ತಿ ಇಳಿದು ಕಪಾಟು ಎಳೆದು ನೋಡಿದರು. "ಕಿಚನ್ ಸಹ ಉಂಟು ಮಾರಾಯ!" ಎಂದು ಮೂಗಿನ ಮೇಲೆ ಬೆರಳಿಟ್ಟರು. ಕಿಚನ್ ಉಂಟು ಎಂದ ಮೇಲೆ ಅಕ್ಕಿ ಬಂತು, ತೆಂಗಿನಕಾಯಿ ಬಂತು, ಒಣಮೀನು ಬಂತು, ತುರಿಯುವ ಮಣೆ ಬಂತು. "ಘಟ್ಟದ ಮೇಲಿನ ಬೆಳ್ತಿಗೆ, ಆ ಬಿಳಿ ಅನ್ನ ನನಗೆ ಆಗುವುದಿಲ್ಲ. ಒಂದು ಗಂಟೆಗೆ ಗಂಜಿ ಊಟ, ಮತ್ತೆ ಮಾತ್ರೆ" ಎಂದರು ಮಾವ. ಕುಕ್ಕರಿನ ಗಂಜಿಯೂ ಆಗುವುದಿಲ್ಲವಂತೆ, ಪಾತ್ರೆಯಲ್ಲೇ ಬೇಯಬೇಕು. ಕುಚ್ಚಲಕ್ಕಿ ಪಾತ್ರೆಯಲ್ಲಿ ಬೇಯಲು ಎಷ್ಟು ಹೊತ್ತು ಬೇಕೆಂದು ಉಂಡವರಿಗೆ ಗೊತ್ತಿರುವುದಿಲ್ಲ, ಬೇಯಿಸಿದವರಿಗೆ ಗೊತ್ತು. ಅದರ ಮೇಲೆ ಚಾಲಕನ ಕಟ್ಟಪ್ಪಣೆ: ಒಲೆ ಉರಿಯುತ್ತಿದ್ದರೆ ಗಾಡಿ ಮುಂದೆ ಹೋಗುವುದಿಲ್ಲ.

ಹೀಗೆ ಗಾಡಿ ಎಲ್ಲಿ ನಿಂತರೂ ಗಂಡಸರು ಇಳಿದರು, ಒಲೆ ಹೊತ್ತಿತು. ಒಬ್ಬ ದೊಡ್ಡ ಗಾಯಕರು ಗುರುವಿನ ಬಳಿ ಕಲಿತ ಹಳೆಯ ಮನೆಗೆ ಅಣ್ಣ, ಮಾವ ಹೋಗಿ ಬಂದರು. ಅಮ್ಮ ಅಡುಗೆಯ ಸಣ್ಣ ಕಿಟಕಿಯಿಂದ ಅದರ ಕಾಂಪೌಂಡ್ ಗೋಡೆ ನೋಡಿದಳು. ತಂಬೂರಿ ಮಾಡುವವರ ಅಂಗಡಿಯ ಎದುರು ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಒಳಗೆ ಯಾರೋ ತಂತಿ ಮೀಟಿದ ಸದ್ದು ಕೇಳಿ ಚೂರಿ ನಿಂತಿತು. ಅಷ್ಟರಲ್ಲಿ ಅಣ್ಣ ಮೊಬೈಲ್ ಹಿಡಿದು ಬಾಗಿಲಿಗೆ ಬಂದ. "ಅಮ್ಮ, ಖುಷಿ ಉಂಟಲ್ಲ? ಕೈ ಬೀಸು." ಅಮ್ಮ ಬೀಸಿದಳು. ನಾನು ಮೀನು ಹುರಿಯುತ್ತಿದ್ದೆ. "ನೀನು ಹೋಗಿ ಬಾ, ನಾನು ನೋಡಿಕೊಳ್ತೇನೆ" ಎಂದು ಅಮ್ಮನಿಗೆ ಒಂದು ಸಲ ಹೇಳಿದೆ. "ನಾಳೆ ಅವರ ಮನೆ ನೋಡ್ಲಿಕ್ಕುಂಟಲ್ಲ, ಸಾಕು" ಎಂದಳು. ಎರಡನೇ ಸಲ ನಾನು ಹೇಳಲಿಲ್ಲ.

ಆ ನಾಳೆ ಭಾನುವಾರ. ಭಾನುವಾರ ಆ ಮನೆಯನ್ನು ಮಧ್ಯಾಹ್ನ ಎರಡಕ್ಕೆ ಮುಚ್ಚುತ್ತಾರೆಂದು ನಾನು ಮೊದಲೇ ಫೋನ್ ಮಾಡಿ ಕೇಳಿದ್ದೆ, ಅಣ್ಣನಿಗೆ ಹೇಳಿದ್ದೆ. ಹನ್ನೆರಡೂವರೆಗೆ ನಾವು ಧಾರವಾಡದ ಅಂಚಿನಲ್ಲಿದ್ದೆವು, ಇನ್ನು ಕಾಲು ಗಂಟೆಯ ದಾರಿ. ಮಾವ ಗಡಿಯಾರ ನೋಡಿದರು. "ಊಟ ಮುಗಿಸಿಯೇ ಹೋಗುವ. ಮನೆ ಎಲ್ಲಿಗೂ ಓಡಿ ಹೋಗುವುದಿಲ್ಲ." ಗಾಡಿ ಬೇವಿನ ಮರದ ಕೆಳಗೆ ನಿಂತಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿನ ಅರ್ಥ ನನಗೆ ಆ ಮರದ ಬುಡದಲ್ಲಿ ಆಯಿತು. "ಅಣ್ಣ, ಎರಡಕ್ಕೆ ಮುಚ್ತಾರೆ" ಎಂದೆ. "ಐದು ನಿಮಿಷ ಆಚೀಚೆ ಆದ್ರೆ ಬಿಡ್ತಾರೆ ಮಾರಾಯ್ತಿ" ಎಂದ.

ಅಮ್ಮ ಒಲೆಯ ಮುಂದೆ ನಿಂತು ಅಗುಳು ಹಿಚುಕಿ ನೋಡುತ್ತಿದ್ದಳು. ಬೆಂದಿಲ್ಲ. ಮತ್ತೆ ನೋಡಿದಳು. ಬೆಂದಿಲ್ಲ. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಅರ್ಧ ಬೆಂದದ್ದನ್ನೇ ಬಡಿಸಿದ್ದರೆ ಯಾರೂ ಸಾಯುತ್ತಿರಲಿಲ್ಲ. ಆದರೆ ಅವಳು ಬಡಿಸುವವಳಲ್ಲ. ಕೊನೆಗೆ ಬೆಂದು ಬಡಿಸಿದಾಗ ಮಾವ ಉಪ್ಪಿನಕಾಯಿ ನೆಕ್ಕುತ್ತಾ ಗಂಜಿ ಎರಡನೇ ಸಲ ಹಾಕಿಸಿಕೊಂಡರು. ಆ ಬಟ್ಟಲನ್ನು ಕಿತ್ತು ಹೊರಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ತೊಳೆದಿಟ್ಟೆ.

ನಾವು ಮುಟ್ಟಿದಾಗ ಎರಡೂ ಇಪ್ಪತ್ತು. ಗೇಟಿಗೆ ಬೀಗ. ಬಳ್ಳಿ ಹಬ್ಬಿದ ಸಾಧಾರಣ ಹೆಂಚಿನ ಮನೆ, ಎದುರಿಗೆ ಕಲ್ಲಿನ ಕಟ್ಟೆ. ಪಕ್ಕದ ಮನೆಯ ಹೆಂಗಸು ಹಪ್ಪಳ ಒಣಹಾಕುತ್ತಿದ್ದಳು. "ಈಗಷ್ಟ ಹಾಕ್ಕೊಂಡ ಹೋದ್ರು ನೋಡ್ರಿ. ನಾಳೆ ಹತ್ತಕ್ಕ ತೆಗೀತಾರ, ಬರ್ರಿ" ಎಂದಳು. ಅಣ್ಣ ಗೇಟಿನ ವೀಡಿಯೋ ಮಾಡಿದ. "ಹೊರಗಿನಿಂದ ಆದ್ರೂ ನೋಡಿದೆಯಲ್ಲ ಅಮ್ಮ. ಬಾ, ಹೊರಡುವ. ನಾಳೆ ಬೆಳಿಗ್ಗೆ ಗಾಡಿ ಕೊಡ್ಲಿಕ್ಕುಂಟು."

ಆಗ ನಾನು ಕೂಗಿದೆ. ಹೆತ್ತವಳು ಜೀವಮಾನದಲ್ಲಿ ಒಂದು ಕೇಳಿದರೆ ಅದನ್ನೂ ನಿಮ್ಮ ಹೊಟ್ಟೆಗೆ ಹಾಕಿಕೊಂಡಿರಿ, ನಾಚಿಕೆ ಇಲ್ಲವೇ ಎಂದೆ. ಮಾವನಿಗೂ ಅಂದೆ. ಅವರು, "ಇವಳಿಗೆ ಬಾಯಿ ಜಾಸ್ತಿ" ಎಂದು ಹೋಗಿ ಗಾಡಿಯಲ್ಲಿ ಮಲಗಿದರು.

ಅಮ್ಮ ಮಾತ್ರ ಆ ಕಟ್ಟೆಯ ಮೇಲೆ ಕೂತಿದ್ದಳು. "ನೀವು ಹೋಗಿ. ನಾನು ನಾಳೆ ನೋಡಿ ಬಸ್ಸಿನಲ್ಲಿ ಬರ್ತೇನೆ."

ಅಣ್ಣ ನಕ್ಕ, ಆಮೇಲೆ ಗದರಿದ, ಆಮೇಲೆ ಕೈ ಹಿಡಿದು ಎಳೆದ. ಅವಳು ಏಳಲಿಲ್ಲ. ಹಪ್ಪಳದ ಹೆಂಗಸು ಗೋಡೆಯಾಚೆಯಿಂದ, "ಇರಲಿ ಬಿಡ್ರಿ, ನಮ್ಮನ್ಯಾಗ ಇರ್ತಾರ. ನಾನೂ ಒಬ್ಬಾಕೀನ ಅದೀನಿ" ಎಂದಳು. ಅಮ್ಮ ನನ್ನ ಕಡೆ ನೋಡಿದಳು. ನಾನು ಅವಳ ಬ್ಯಾಗು ತರಲು ಗಾಡಿ ಹತ್ತಿದೆ. ಅವಳ ಸೀರೆ, ಮಾತ್ರೆ, ಬಾಚಣಿಗೆ ತುಂಬಿಸಿದೆ. ಪಕ್ಕದಲ್ಲೇ ನನ್ನ ಬ್ಯಾಗೂ ಇತ್ತು. ಮಂಚದಿಂದ ಮಾವ, "ರಾತ್ರಿಗೆ ಎಂತ ಮಾಡ್ತಿ?" ಎಂದು ಕೇಳಿದರು. ಸೋಮವಾರ ನನಗೆ ಆಫೀಸು ಬೇರೆ ಇತ್ತು. ಅವಳ ಬ್ಯಾಗನ್ನು ಬಾಗಿಲಿನಿಂದ ಅವಳ ಕೈಗೆ ಕೊಟ್ಟೆ.

ಗಾಡಿ ಹೊರಟಿತು. ಸಂಜೆ ಯಲ್ಲಾಪುರ ದಾಟಿ ಒಂದು ಕಡೆ ನಿಲ್ಲಿಸಿದಾಗ ನಾನು ಎರಡು ಪಾವು ಕುಚ್ಚಲಕ್ಕಿ ತೊಳೆದೆ.

ಮಂಗಳವಾರ ಬೆಳಿಗ್ಗೆ ಬಿಜೈ ಬಸ್ ನಿಲ್ದಾಣದಲ್ಲಿ ಅಮ್ಮ ಇಳಿದಳು. ಕೈಯಲ್ಲಿ ಹಪ್ಪಳದ ಕಟ್ಟು. ರಿಕ್ಷಾದಲ್ಲಿ ಕೇಳಿದೆ, ಒಳಗೆ ಎಂತ ಉಂಟು ಎಂದು. "ಒಂದು ಚಾಪೆ ಉಂಟು. ತಂಬೂರಿ ಉಂಟು. ಕೂತ್ಕೊಳ್ಳಿ ಅಂದ್ರು, ಕೂತೆ. ತುಂಬ ಹೊತ್ತು ಕೂತೆ" ಎಂದಳು.

ಕೊಟ್ಟಾರದ ತಿರುವಿನಲ್ಲಿ ರಿಕ್ಷಾ ನಿಂತಾಗ ಬ್ಯಾಗು ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಕೊಡಲಿಲ್ಲ.

"ನೀನು ಇಳಿತೀಯ ಅಂತ ನಾನು ಕಟ್ಟೆಯಲ್ಲಿ ಸ್ವಲ್ಪ ಜಾಗ ಬಿಟ್ಟು ಕೂತಿದ್ದೆ" ಎಂದಳು.