ಆ ಮಳೆಗೆ ಬಿತ್ತದ ಚಿಗವ್ವ

ಮೊನ್ನೆ ರಾಣೆಬೆನ್ನೂರಿನ ಆಯುರ್ವೇದ ಅಂಗಡಿಯೊಂದರಲ್ಲಿ ಮೊಣಕಾಲು ನೋವಿನ ತೈಲ ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಬಾವಂಚಿ ಎಣ್ಣೆ ಕೇಳಿ ತೆಗೆದುಕೊಂಡು, ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದಳು. ಆ ಕಟು ವಾಸನೆ ನನ್ನ ಮೂಗಿಗೂ ಬಂತು. ನಾನು ತೈಲ ಕೊಳ್ಳುವುದನ್ನು ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅದು ನಮ್ಮ ಚಿಗವ್ವನ ಅಂಗೈಯ ವಾಸನೆ...

ಚಿಗವ್ವ ನಮಗೆ ಸಂಬಂಧದವಳಲ್ಲ, ಪಕ್ಕದ ಮನೆಯವಳು. ಬ್ಯಾಡಗಿಯ ಆಚೆ, ಗುಡ್ಡದ ಬುಡದಲ್ಲಿರುವ ನಮ್ಮ ಊರಿನ ಕೊನೆಯ ಓಣಿಯಲ್ಲಿ ಅವರಿಗೂ ನಮಗೂ ನಡುವೆ ಒಂದೇ ಗೋಡೆ. ಅವಳ ಗಂಡನನ್ನು ನಾನು ಕಾಕಾ ಅನ್ನುತ್ತಿದ್ದೆ. ಊರಿಗೆ ಇದ್ದ ಒಂದೇ ಹಿಟ್ಟಿನ ಗಿರಣಿ ಅವನದು. ಕಾಕಾನ ಎರಡೂ ಕೈಗಳ ಮೇಲೆ, ತುಟಿಯ ಸುತ್ತ ತೊನ್ನು ಹಬ್ಬಿತ್ತು. ಜೋಳ ಬೀಸಿಸಲು ಬಂದ ಹುಡುಗರು ಆ ಕೈಗಳನ್ನೇ ನೋಡುತ್ತ ನಿಂತರೆ, "ಹಿಟ್ಟು ಹತ್ತೇತಲೇ, ಎಷ್ಟು ತೊಳದ್ರೂ ಹೋಗವಲ್ದು" ಎಂದು ನಗುತ್ತಿದ್ದ. ಚಿಗವ್ವ ದಿನಾ ಬೆಳಿಗ್ಗೆ ಅವನನ್ನು ಎಳೆಬಿಸಿಲಿಗೆ ಕಟ್ಟೆಯ ಮೇಲೆ ಕೂರಿಸಿ ಬಾವಂಚಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ತೊನ್ನು ಕಡಿಮೆಯಾಗಲಿಲ್ಲ, ಅವಳೂ ಬಿಡಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಆ ಹೊತ್ತಿನಲ್ಲಿ ಇಬ್ಬರೂ ಏನೇನೋ ಮಾತಾಡಿ ನಗುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

ನಾನು ಹಾವೇರಿಯ ಕಾಲೇಜಿಗೆ ಹೋಗುತ್ತಿದ್ದ ಕಾಲ. ಚಳಿಗಾಲ ಮುಗಿಯುವ ಹೊತ್ತಿಗೆ ಕಾಕಾ ಗಿರಣಿಯಲ್ಲೇ ಎದೆ ಹಿಡಿದುಕೊಂಡು ಬಿದ್ದ. ದವಾಖಾನೆ ಮುಟ್ಟಲಿಲ್ಲ. ಗುಡ್ಡದ ಓರೆಯಲ್ಲಿದ್ದ ಅವರ ಹೊಲದಲ್ಲೇ ಮಣ್ಣು ಮಾಡಿದರು. ಊರೆಲ್ಲ ಬಂದಿತ್ತು, ಊರೆಲ್ಲ ಅತ್ತಿತ್ತು.

ಆಮೇಲೆ ಆ ಬೇಸಿಗೆ ಬಂತು... ಯುಗಾದಿ ಕಳೆದರೂ ಒಂದು ಅಡ್ಡಮಳೆ ಬೀಳಲಿಲ್ಲ. ಗುಡ್ಡದ ಹುಲ್ಲು ಸುಟ್ಟು ಬಂಡೆಗಳಷ್ಟೇ ಉಳಿದವು. ಹಗಲೆಲ್ಲ ಕಾದ ಆ ಬಂಡೆಗಳು ಹೊತ್ತು ಮುಳುಗಿದ ಮೇಲೂ ಊರ ಮೇಲೆ ಝಳ ಬಿಡುತ್ತಿದ್ದವು. ನವಿಲುಗಳು ಇಳಿದು ಬಂದು ನಮ್ಮ ಬಚ್ಚಲಿನ ನೀರು ಕುಡಿಯುತ್ತಿದ್ದವು. ಮೋಡ ಗುಡ್ಡದ ನೆತ್ತಿಗೆ ಬಂದು, ಸ್ವಲ್ಪ ಗುಡುಗಿ, ಹಾಗೇ ಆಚೆ ಹೋಗಿಬಿಡುತ್ತಿತ್ತು. ತೊನ್ನಿದ್ದವರನ್ನು ಹೂಳಿದರೆ ಮಳೆ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಹಳೆಯದು. ನಾನು ಅದನ್ನು ಮುದುಕರ ಮಾತು ಅಂದುಕೊಂಡಿದ್ದೆ. ಮೋಡ ಹಾಗೆ ಹೋದಾಗಲೆಲ್ಲ ಬಸ್ಸಿನಲ್ಲಿ, ನಳದ ಹತ್ತಿರ, ನನಗಿಂತ ಚಿಕ್ಕವರ ಬಾಯಲ್ಲೂ ಅದೇ ಮಾತು ಕೇಳತೊಡಗಿತು.

ಒಂದು ಮುಂಜಾನೆ ಊರ ಹಿರಿಯರು ಚಿಗವ್ವನ ಕಟ್ಟೆಗೆ ಬಂದರು. ನಮ್ಮ ಅಪ್ಪನೂ ಅವರೊಳಗಿದ್ದ.

"ನೋಡವಾ, ಊರು ಒಣಗಾಕತ್ತೈತಿ. ಹೆಣಾ ತಗದು ಸುಟ್ಟುಬಿಟ್ರ ಎಲ್ಲಾರಿಗೂ ಚೊಲೋ ಆಕ್ಕೈತಿ. ನೀ ಹೂಂ ಅಂದ್ರ ಸಾಕು" ಎಂದರು ಒಬ್ಬರು.

ಚಿಗವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅವನ ಕೈಯಾನ ಹಿಟ್ಟು ತಿಂದು ಬೆಳದವರು ನೀವು. ಮಳಿ ಬರಲಿಲ್ಲಂದ್ರ ಮ್ಯಾಲೆ ನೋಡ್ರಿ. ಕೆಳಗ ಮಲಗಿದಾವನ್ನ ಯಾಕ ಎಬ್ಬಸ್ತೀರಿ?"

ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು.

ಗಿರಣಿ ಮುಚ್ಚಿದ ಮೇಲೆ ಅವಳು ಬ್ಯಾಡಗಿಗೆ ಒಣಮೆಣಸಿನಕಾಯಿಯ ತೊಟ್ಟು ಮುರಿಯುವ ಕೂಲಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಟೆಂಪೋ ಹತ್ತಿದರೆ ಬರುವುದು ಸಂಜೆಗೆ. ಊರವರು ಅಂಥದೊಂದು ದಿನ ನೋಡಿಕೊಂಡರು. ಮಧ್ಯಾಹ್ನ ಗುಡ್ಡದ ಆಚೆ ಹೊಗೆ ಎದ್ದಿತು. ಏನದು ಎಂದು ಅವ್ವನನ್ನು ಕೇಳಿದೆ. "ಒಳಗ ಬಾ" ಎಂದಳು, ಅಷ್ಟೇ.

ಟೆಂಪೋ ಇಳಿದವಳಿಗೆ ಯಾರು ಹೇಳಿದರೋ... ಮನೆಗೆ ಬಾರದೆ ನೇರ ಹೊಲದತ್ತ ಓಡಿದಳು. ಕಂಡು ನಾನೂ ಹಿಂದೆ ಓಡಿದೆ. ತಗ್ಗು ಹಾಗೇ ಬಾಯಿ ತೆರೆದುಕೊಂಡಿತ್ತು. ಮುಚ್ಚುವಷ್ಟು ಮರ್ಯಾದೆಯನ್ನೂ ಅವರು ತೋರಿಸಿರಲಿಲ್ಲ. ಅಂಚಿನಲ್ಲಿ ಅವಳೇ ಹೊದಿಸಿ ಕಳಿಸಿದ್ದ ಧೋತರದ ಚೂರು ಬಿದ್ದಿತ್ತು. ಚಿಗವ್ವ ಅದನ್ನು ಎತ್ತಿಕೊಂಡು ಖಾಲಿ ತಗ್ಗಿಗೆ ಇಳಿದು ಕುಳಿತಳು. ಖಾರ ಹತ್ತಿದ ಕೈಗಳನ್ನು ಕಣ್ಣಿಗೆ ಒಯ್ಯಲಾರದೆ, ಮುಖದಿಂದ ದೂರ ಹಿಡಿದುಕೊಂಡೇ ಅತ್ತಳು.

ಆಗ ಗಾಳಿ ಎದ್ದಿತು. ನೋಡನೋಡುತ್ತ ಗುಡ್ಡ ಕಾಣದಾಯಿತು. ಕೆಮ್ಮಣ್ಣಿನ ಧೂಳು, ಅದರ ಹಿಂದೆಯೇ ಸಿಡಿಲು, ಆಮೇಲೆ ಆಣಿಕಲ್ಲು. ಬಂಡೆಗಳಿಗೆ ಬಡಿದ ಕಲ್ಲುಗಳು ಸಿಡಿದು ನಮ್ಮ ಮೈಗೆ ಹೊಡೆಯುತ್ತಿದ್ದವು. ಗುಡ್ಡದಿಂದ ಇಳಿದ ಕೆಂಪು ನೀರು ತಗ್ಗಿಗೆ ನುಗ್ಗಿತು. "ಏಳ ಚಿಗವ್ವ, ಸಿಡ್ಲು ಬೀಳಾಕತ್ತಾವು" ಎಂದು ತೋಳು ಹಿಡಿದು ಎಳೆದೆ. ಅವಳು ಮುಖ ಮೇಲೆತ್ತಿ ಮಳೆಯನ್ನೇ ಕೇಳಿದಳು: "ನಿನ್ನೆ ಬರಾಕ ಏನಾಗಿತ್ತು ನಿನಗ?"

ಊರಿಗೆ ಬಂದರೆ ಜನ ಓಣಿಯಲ್ಲಿ ನೆನೆಯುತ್ತ ಕೂಗಾಡುತ್ತಿದ್ದರು. ಅಪ್ಪ ನಮ್ಮ ಬಾಗಿಲಲ್ಲಿ ತೊಯ್ದ ತಲೆ ಒರೆಸಿಕೊಳ್ಳುತ್ತ ನಿಂತಿದ್ದ.

"ಯಣ್ಣಾ, ನೀನೂ ಹೋಗಿದ್ದೇನು?" ಚಿಗವ್ವ ಕೇಳಿದಳು.

ಅಪ್ಪ ಟವೆಲ್ಲು ಹಿಂಡಿದ. "ಊರಾಗ ಇರಬೇಕಲ್ಲವಾ..." ಎಂದ. ಅದನ್ನು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ, "ಮಳಿ ಅಂತೂ ಬಂತಲ್ಲ" ಎಂದ.

ಮಳೆ ಬಾರದೇ ಇದ್ದಿದ್ದರೆ ಅವರಿಗೆ ಒಂದಿಷ್ಟು ನಾಚಿಕೆಯಾದರೂ ಆಗುತ್ತಿತ್ತು. ಬಂದುಬಿಟ್ಟಿತು. ಮಾಡಿದ್ದೆಲ್ಲ ಸರಿಯಾಗಿಹೋಯಿತು. ಅದೇ ಸಂಜೆ ಕರ್ಜಗಿಗೂ ಮಳೆ ಬಿದ್ದಿತ್ತು, ಅಗಡಿಗೂ ಬಿದ್ದಿತ್ತು. ಅಲ್ಲಿ ಯಾರೂ ಯಾರನ್ನೂ ಅಗೆದಿರಲಿಲ್ಲ. ಹೇಳಿದೆ. ಕೇಳುವವರು ಇರಲಿಲ್ಲ.

ಆ ವರ್ಷದಂಥ ಹದ ಮತ್ತೆ ಬಂದಿಲ್ಲ ಎಂದು ರೈತರು ಈಗಲೂ ಹೇಳುತ್ತಾರೆ. ಎಲ್ಲರೂ ಬಿತ್ತಿದರು, ಚಿಗವ್ವ ಬಿತ್ತಲಿಲ್ಲ. ಅಪ್ಪ ಬೀಜ ಹಿಡಿದುಕೊಂಡು ಹೋಗಿ, "ನಾನ ಬಿತ್ತಿ ಕೊಡ್ತೇನಿ" ಅಂದ. ಅವಳು ಬಾಗಿಲ ಒಳಗಿನಿಂದಲೇ ಉತ್ತರಿಸಿದಳು: "ಈ ಮಳಿ ನಿಮ್ಮದು. ನೀವ ಬಿತ್ಕೋರಿ." ಸುತ್ತಲ ಹೊಲಗಳೆಲ್ಲ ಹಸಿರಾದವು. ನಡುವೆ ಅವಳದೊಂದು ಕಸ ಬೆಳೆದು ನಿಂತಿತು. ಸುಗ್ಗಿಗೆ ಮೊದಲೇ ಅವಳು ಕರ್ಜಗಿಯ ತವರಿಗೆ ಹೊರಟುಹೋದಳು. ಓಣಿಯಲ್ಲಿ ಯಾರಿಗೂ ಹೇಳಲಿಲ್ಲ. ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟಳು.

ಅಲ್ಲಿಗೆ ಆಗಾಗ ಹೋಗುತ್ತಿದ್ದೆ. ಚಹಾ ಮಾಡಿಕೊಡುತ್ತಿದ್ದಳು, ನನ್ನ ಮಕ್ಕಳ ಸುದ್ದಿ ಕೇಳುತ್ತಿದ್ದಳು. ನಮ್ಮ ಊರಿನ ಸುದ್ದಿ ಒಮ್ಮೆಯೂ ಕೇಳಲಿಲ್ಲ. ಕೊನೆಯ ಸಲ ಹೋದಾಗ ಹಾಸಿಗೆ ಹಿಡಿದಿದ್ದಳು. ಅಣ್ಣನ ಮಗನನ್ನು ಹತ್ತಿರ ಕರೆದು ನನ್ನೆದುರಿಗೇ ಹೇಳಿದಳು: "ನನ್ನ ಹೂಳಬ್ಯಾಡ್ರಿ, ಸುಡ್ರಿ. ಮಂದಿ ಕೈಗೆ ಸಿಗೂದು ಬ್ಯಾಡ." ಅವರ ಮನೆತನದಲ್ಲಿ ಸುಡುವ ಪದ್ಧತಿಯಿಲ್ಲ. ಆ ಹುಡುಗ ಮಾತು ಉಳಿಸಿದ. ಬೂದಿಯನ್ನು ವರದಾ ಹೊಳೆಗೆ ಬಿಟ್ಟರು.

ಅಪ್ಪನಿಗೆ ಈಗ ವಯಸ್ಸಾಗಿದೆ. ಗುಡ್ಡದ ಮೇಲೆ ಮೋಡ ಕಟ್ಟಿದರೆ ನನ್ನ ಮಕ್ಕಳನ್ನು ಕೂರಿಸಿಕೊಂಡು ಆ ಮಳೆಯ ಕಥೆ ಹೇಳುತ್ತಾನೆ. ಲಿಂಬೆಹಣ್ಣಿನಂಥ ಆಣಿಕಲ್ಲು, ಹಾರಿಹೋದ ತಗಡು, ಒಂದೇ ಸಂಜೆಗೆ ತುಂಬಿದ ಕೆರೆ... ಎಲ್ಲ ಹೇಳುತ್ತಾನೆ. ಅದೊಂದನ್ನು ಬಿಟ್ಟು. ನಾನು ಎದ್ದು ಒಳಗೆ ಹೋಗುತ್ತೇನೆ.

ಚಿಗವ್ವ ಹೋದ ಮೇಲೆ ಅವಳಿಗೊಂದು ಹೂವು ಇಟ್ಟು ಬರಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ. ಇಡಲು ಎಲ್ಲಿಯೂ ಜಾಗವಿಲ್ಲ. ಅವಳು ಕೇಳಿಕೊಂಡದ್ದೂ ಅದನ್ನೇ.